ಬಕೆಟ್ಟಿಗೆ ಬಿದ್ದ ಒಂದು ಓಟು

ಬೆಳಗಿನ ಐದೂಕಾಲಿಗೆ ಗುಟ್ಟ ಬಸ್ತಿಯ ತಿರುವಿನಲ್ಲಿ ನೀರಿನ ಟ್ಯಾಂಕರ್ ಎರಡು ಸಲ ಹಾರ್ನ್ ಹೊಡೆಯುತ್ತದೆ. ಅಷ್ಟರಲ್ಲಿ ಬಂಡೆಮ್ಮ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಸೆರಗನ್ನು ತಲೆಗೆ ಬಿಗಿದು, ಬರಿಗಾಲಲ್ಲಿ ಬಂದು ನಿಂತಿರುತ್ತಾರೆ. ಅವರೆದುರು ಓಣಿಯುದ್ದಕ್ಕೂ ಕೊಡಗಳ ಸಾಲು. ಕೆಂಪು, ನೀಲಿ, ಹಸಿರು ಪ್ಲಾಸ್ಟಿಕ್ ಕೊಡಗಳು. ಒಂದೊಂದರ ಕುತ್ತಿಗೆಗೂ ಹಳೆಯ ಸೀರೆಯದೋ ಲಂಗದ್ದೋ ಒಂದು ಚೂರು ಬಟ್ಟೆ. ಆ ಚೂರು ನೋಡಿಯೇ ಯಾರ ಮನೆಯ ಕೊಡ ಎಂದು ಅವರು ಹೇಳಬಲ್ಲರು. ಡ್ರೈವರ್ ಕೆಳಗಿಳಿದು ಬೀಡಿ ಹಚ್ಚುವ ಹೊತ್ತಿಗೆ ಪೈಪು ಅವರ ಕಂಕುಳಲ್ಲಿರುತ್ತದೆ.

ಬಸ್ತಿಯಲ್ಲಿ ನೂರ ನಲವತ್ತು ಮನೆ, ಮನೆಗೆ ಐದು ಕೊಡ. ದಿನಕ್ಕೆ ಎರಡು ಟ್ಯಾಂಕರ್, ಮೊದಲನೆಯದು ಈಗ, ಇನ್ನೊಂದು ಏಳಕ್ಕೆ. ಏಳುನೂರು ಕೊಡ ತುಂಬಬೇಕು, ಒಂದಕ್ಕೆ ಆರೇಳು ಸೆಕೆಂಡು. ಒಂದು ಕೊಡದಿಂದ ಇನ್ನೊಂದಕ್ಕೆ ಹೋಗುವ ನಡುವೆ ಪೈಪಿನ ತುದಿಯನ್ನು ಮಡಚಿ ಒತ್ತಿ ಹಿಡಿಯುತ್ತಾರೆ, ನೆಲಕ್ಕೆ ಒಂದು ಬೊಗಸೆಯೂ ಬೀಳದ ಹಾಗೆ. ಬಾಣಂತಿ ಇರುವ ಮನೆಗೆ, ಸಾವಾದ ಮನೆಗೆ ಮೊದಲ ಸರದಿ. ಬಂಡೆಮ್ಮನವರ ಸ್ವಂತದ ಐದು ಕೊಡ ಎಲ್ಲರದೂ ಮುಗಿದ ಮೇಲೆ. ಈ ಕೆಲಸಕ್ಕೆ ಸಂಬಳವಿಲ್ಲ. ಹದಿನಾಲ್ಕು ವರ್ಷದಿಂದ ಇಲ್ಲ.

“ನೀರ ಹಂಚೋದೂ ಒಂದ್ ಕೆಲಸೇನ್ರಿ?” ಎಂದು ನಗುತ್ತಾರೆ. “ಪೈಪ್ ನನ್ನ ಕೈಯಾಗಿದ್ರ ಜಗಳ ಇರಂಗಿಲ್ಲ, ಅಷ್ಟರಿ. ನಮ್ಮ ತಂಗಿ ಇದ್ರೂ ಐದು ಕೊಡ, ವೈರಿ ಇದ್ರೂ ಐದು ಕೊಡ. ಆ ಐದರ ಮ್ಯಾಲ ಯಾರಾರ ಕೇಳಿದ್ರ, ಟ್ಯಾಂಕರ್ ನಿಮ್ಮಪ್ಪಂದೇನು ಅಂತ ಕೇಳತೀನಿ.”

ಬಂಡೆಮ್ಮನವರಿಗೆ ಐವತ್ತೈದು ಇರಬಹುದು, ಅವರಿಗೂ ಪಕ್ಕಾ ಗೊತ್ತಿಲ್ಲ. ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯಿಂದ ಗಂಡ ಮೌನಪ್ಪನ ಜೊತೆ ಹೈದರಾಬಾದಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಆತ ಗೌಂಡಿ, ಈಕೆ ಅವನಿಗೆ ಸಿಮೆಂಟಿನ ಬುಟ್ಟಿ ಹೊರುವವರು. ಜೀಡಿಮೆಟ್ಲಾದ ಕಾರ್ಖಾನೆಗಳ ಬೆನ್ನಿಗೆ ಬೆಳೆದ ಈ ಬಸ್ತಿಯಲ್ಲಿ ಅಷ್ಟೂ ಮನೆಗಳು ಅವರ ಕಡೆಯವರದೇ. ಒಳಗೆ ಕನ್ನಡ, ತಿರುವು ದಾಟಿದರೆ ತೆಲುಗು, ಟ್ಯಾಂಕರ್ ಡ್ರೈವರನ ಜೊತೆ ಹಿಂದಿ. ಮೌನಪ್ಪ ತೀರಿಕೊಂಡು ಆರು ವರ್ಷ. ಹೆಣ್ಣುಮಕ್ಕಳಿಬ್ಬರ ಮದುವೆಯಾಗಿದೆ. ನೀರು ಹಂಚಿ ಮುಗಿಸಿದ ಮೇಲೆ ಬಂಡೆಮ್ಮ ಬಸ್ಸು ಹತ್ತಿ ಸನತ್‌ನಗರದ ಸಣ್ಣ ಕಾರ್ಖಾನೆಯೊಂದಕ್ಕೆ ಹೋಗಿ ಸಂಜೆಯವರೆಗೆ ಔಷಧಿಯ ಶೀಶೆ ತೊಳೆಯುತ್ತಾರೆ. ಎರಡೂ ಕಡೆ ನೀರೇ. ಬೆರಳ ತುದಿಗಳು ಬಿಳಿಚಿ, ಸುಕ್ಕುಗಟ್ಟಿ, ಆಧಾರ್ ಯಂತ್ರಕ್ಕೆ ಅವರ ಹೆಬ್ಬೆಟ್ಟು ಗುರುತು ಹತ್ತುವುದಿಲ್ಲ.

ಪೈಪು ಅವರ ಕೈಗೆ ಬಂದದ್ದು ಯಾರೋ ಕೊಟ್ಟು ಅಲ್ಲ. ಹದಿನಾಲ್ಕು ವರ್ಷದ ಹಿಂದೆ ಟ್ಯಾಂಕರ್ ಸುತ್ತ ನಡೆದ ನೂಕಾಟದಲ್ಲಿ ಒಬ್ಬ ಗರ್ಭಿಣಿ ಬಿದ್ದು ಮುಂಗೈ ಮುರಿದುಕೊಂಡಳು. ಬಂಡೆಮ್ಮ ಮುನ್ನುಗ್ಗಿ ಪೈಪು ಕಸಿದು, “ಕೊಡ ಸಾಲಾಗಿ ಇಡ್ರಿ, ಇಲ್ಲಂದ್ರ ಎಲ್ಲಾ ಗಟಾರಕ್ಕ ಬಿಡತೀನಿ” ಎಂದು ಕೂಗಿದರು. ಅಂದು ಹಾಕಿದ ಸಾಲು ಇಂದಿಗೂ ಹಾಗೇ ಇದೆ.

ಹೋದ ಚುನಾವಣೆಯ ನಂತರ ಇಂಥ ಹೆಂಗಸಿನ ಕೈಯಿಂದ ಆ ಪೈಪು ಕಿತ್ತುಕೊಂಡರು. ಕಾರಣ? ಒಂದು ಓಟು. ಒಂದೇ ಒಂದು. ಅದೂ ಅವರು ಹಾಕದ ಓಟು.

ಗುಟ್ಟ ಬಸ್ತಿಯಲ್ಲಿ ಚುನಾವಣೆ ಎಂದರೆ ಮೊದಲೇ ಮುಗಿದ ಮಾತು. ಗೆಲ್ಲುವ ಪಕ್ಷ ಒಂದೇ. ಬಸ್ತಿಯವರು ಅದನ್ನು ಹೆಸರಿಟ್ಟು ಕರೆಯುವುದೂ ಇಲ್ಲ, ‘ದೊಡ್ಡ ಪಾರ್ಟಿ’ ಎನ್ನುತ್ತಾರೆ. ಬೇರೆಯವರ ಬಾವುಟ ಕಟ್ಟಲು ಇಲ್ಲಿ ಕಂಬ ಸಿಗುವುದಿಲ್ಲ. ದೊಡ್ಡ ಪಾರ್ಟಿಯ ಬಸ್ತಿ ಮಟ್ಟದ ಮುಖಂಡ ಸಾಯಿಕುಮಾರ. ಮೂವತ್ನಾಲ್ಕು ವರ್ಷದವನು, ಇಲ್ಲೇ ಹುಟ್ಟಿ ಇದೇ ಟ್ಯಾಂಕರಿನ ನೀರು ಕುಡಿದು ಬೆಳೆದವನು, ಬಂಡೆಮ್ಮನವರನ್ನು ‘ದೊಡ್ಡವ್ವ’ ಎಂದು ಕರೆಯುವವನು. ಕೆಟ್ಟವನೆಂದು ಯಾರೂ ಹೇಳುವುದಿಲ್ಲ. ಆಸ್ಪತ್ರೆಗೆ ಆಟೋ ಬೇಕೆಂದರೆ ಅವನಿಗೇ ಫೋನು. ಆದರೆ ಅವನಿಗೊಂದು ಹುಚ್ಚು: ತನ್ನ ಬೂತಿನಲ್ಲಿ ನೂರಕ್ಕೆ ನೂರು ಬೀಳಬೇಕು. ತೊಂಬತ್ತೊಂಬತ್ತು ಬಿದ್ದರೆ ಮೇಲಿನವರ ಮುಂದೆ ಮುಖ ತೋರಿಸುವುದು ಹೇಗೆ?

ಅದಕ್ಕಾಗಿ ಅವನು ಹುಡುಕಿದ ದಾರಿ ಭಂಡಾರ. ಬಸ್ತಿಯವರೆಲ್ಲ ಮೈಲಾರಲಿಂಗನ ಒಕ್ಕಲು. ಮೈಲಾರಲಿಂಗನ ಅರಿಶಿನದ ಪುಡಿಯೇ ಭಂಡಾರ; ಅದನ್ನು ಮುಟ್ಟಿ ಆಡಿದ ಮಾತು ತಪ್ಪಿದರೆ ಮನೆತನ ಉಳಿಯುವುದಿಲ್ಲ ಎಂಬುದು ಇವರಿಗೆ ರಕ್ತದಲ್ಲೇ ಬಂದ ನಂಬಿಕೆ. ಬಸ್ತಿಯ ಪುಟ್ಟ ಗುಡಿಯ ಪೂಜೆ ಮಾಡುವ ಹಿರಿಯ ಬೂದೆಪ್ಪ ಹಿತ್ತಾಳೆಯ ತಾಟಿನಲ್ಲಿ ಭಂಡಾರ ಹಿಡಿದು ಮುಂದೆ, ಸಾಯಿಕುಮಾರ ಹಿಂದೆ. ಓಟಿಗೆ ಮೂರು ದಿನ ಇರುವಾಗ ಮನೆಮನೆಗೂ ಹೋಗಿ, ಪ್ರತಿಯೊಬ್ಬರ ಅಂಗೈ ಅರಿಶಿನದಲ್ಲಿ ಅದ್ದಿಸಿ, ದೊಡ್ಡ ಪಾರ್ಟಿಗೇ ಎಂದು ಆಣೆ ಹಾಕಿಸಿದರು. ಸಾಲದ್ದಕ್ಕೆ ಒಂದು ಆಸೆ: ನೂರಕ್ಕೆ ನೂರು ಬಿದ್ದರೆ ಪ್ರತಿ ಮನೆಗೂ ನಳ. ಟ್ಯಾಂಕರೇ ಬೇಡ.

ಬಂಡೆಮ್ಮನವರೂ ಅಂಗೈ ಅದ್ದಿದರು. ಆದರೆ ಅದೇ ವಾರ ಇನ್ನೊಬ್ಬರು ಬಸ್ತಿಗೆ ಬಂದು ಹೋಗಿದ್ದರು. ಹಾಸನದ ಕಡೆಯ ನರಹರಿ, ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ಲೇತ್ ನಡೆಸಿ ನಿವೃತ್ತರಾದವರು. ಪಕ್ಷೇತರ. ಗುರುತು ಬಕೆಟ್. ಒಂದು ಸ್ಕೂಟರು, ಒಂದು ಚೀಲ ಕರಪತ್ರ, ಅಷ್ಟೇ ಅವರ ಪ್ರಚಾರ. ಬಸ್ತಿಯ ಬೋರ್‌ವೆಲ್ ನೀರನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ, “ಈ ಬಣ್ಣ ಯಾಕಮ್ಮಾ ಬಂತು ಅಂತ ನೀವ್ಯಾರೂ ಕೇಳಲೇ ಇಲ್ವಾ?” ಎಂದು ಕೇಳಿದ್ದರು. ಹೆಂಗಸರು ಕೊಡ ಎತ್ತಿಕೊಂಡು ಹೋದರು. ಆ ಹಳದಿ ಲೋಟ ಮಾತ್ರ ಬಂಡೆಮ್ಮನವರ ಕಣ್ಣಿಂದ ಹೋಗಲಿಲ್ಲ.

“ಮಷೀನ್ ಮುಂದ ನಿಂತಾಗ ನನ್ನ ಬೆರಳು ಬಕೀಟಿನ ಮ್ಯಾಲ ಹೋಗಿತ್ರಿ” ಎನ್ನುತ್ತಾರೆ. “ಸುಳ್ಳ ಯಾಕ ಹೇಳ್ಲಿ. ಒತ್ತೇ ಬಿಡಬೇಕು, ಅಷ್ಟರಾಗ ಅಂಗೈ ನೋಡ್ದೆ. ಮೂರು ದಿನ ನೀರಾಗಿದ್ರೂ ಅರಿಶಿಣ ಹೋಗಿರಲಿಲ್ಲ. ಬೆರಳು ತಾನs ಮ್ಯಾಲ ಸರೀತು. ದೊಡ್ಡ ಪಾರ್ಟೀದೇ ಒತ್ತಿ ಬಂದೆ. ಹೊರಗ ಬಂದ್ರ ಸಾಯಿ ಚಾ ಕುಡೀ ದೊಡ್ಡವ್ವ ಅಂದ. ಚಾ ಅಲ್ಲೇ ಬಿಟ್ಟು ಬಂದೆ.”

ಎಣಿಕೆಯ ದಿನ ಭಾನುವಾರ. ದೊಡ್ಡ ಪಾರ್ಟಿ ಐವತ್ತೆಂಟು ಸಾವಿರದ ಅಂತರದಲ್ಲಿ ಗೆದ್ದಿತು. ಊರೆಲ್ಲ ಪಟಾಕಿ, ಗುಲಾಲು. ಗುಟ್ಟ ಬಸ್ತಿಯಲ್ಲಿ ಮಾತ್ರ ಪಟಾಕಿ ಡಬ್ಬಿ ಒಡೆಯಲೇ ಇಲ್ಲ. ಎಣಿಕೆ ಕೇಂದ್ರದಲ್ಲಿ ಜಾಲರಿಯಾಚೆ ಏಜೆಂಟನಾಗಿ ಕೂತಿದ್ದ ಸಾಯಿಕುಮಾರ ಚೀಟಿಯೊಂದನ್ನು ಹಿಡಿದುಕೊಂಡು ಬಂದಿದ್ದ. ಒಂದೊಂದು ಬೂತಿನ ಯಂತ್ರವನ್ನೂ ಬೇರೆಬೇರೆಯಾಗಿ ತೆರೆದು ಅಂಕಿ ತೋರಿಸುತ್ತಾರೆ, ಏಜೆಂಟರು ಬರೆದುಕೊಳ್ಳುತ್ತಾರೆ. ಅವನು ಬರೆದುಕೊಂಡದ್ದು ಹೀಗಿತ್ತು: ಬಿದ್ದ ಓಟು ಆರುನೂರಾ ನಾಲ್ಕು. ದೊಡ್ಡ ಪಾರ್ಟಿಗೆ ಆರುನೂರಾ ಮೂರು. ಉಳಿದ ಪಕ್ಷಗಳಿಗೆಲ್ಲ ಸೊನ್ನೆ. ಬಕೆಟ್ಟಿಗೆ ಒಂದು.

ಗುಡಿಯ ಕಟ್ಟೆಯ ಮೇಲೆ ಕೂತು ಅವನು ಆ ಚೀಟಿಯನ್ನೇ ನೋಡುತ್ತಿದ್ದನಂತೆ. “ಆ ಒಕ್ಕಟಿ ಎವರಿದಿ?” ಎಂದು ತೆಲುಗಿನಲ್ಲಿ ತನ್ನಷ್ಟಕ್ಕೆ ಕೇಳಿಕೊಂಡು, ಆಮೇಲೆ ಕನ್ನಡದಲ್ಲಿ ಎಲ್ಲರಿಗೂ ಕೇಳಿಸುವ ಹಾಗೆ ಕೂಗಿದ. “ಆ ಒಂದು ಯಾರದು? ಭಂಡಾರ ಮುಟ್ಟಿ ಯಾರು ತಪ್ಯಾರ?”

ಐವತ್ತೆಂಟು ಸಾವಿರದಲ್ಲಿ ಗೆದ್ದವರಿಗೆ ಒಂದು ಓಟಿನ ಕಾಟ! ಆನೆಯ ಮೇಲೆ ಹೋಗುವವನಿಗೆ ಇರುವೆ ಕಚ್ಚಿದ ಹಾಗೆ ಎಂದು ನಕ್ಕು ಸುಮ್ಮನಾಗಬಹುದಿತ್ತು. ಆದರೆ ಬಸ್ತಿ ನಗಲಿಲ್ಲ. ಆರುನೂರಾ ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಗುಟ್ಟಿನ ಮತದಾನ ಎನ್ನುತ್ತೇವೆ. ನೂರಾರು ಜನ ಒಂದೇ ಕಡೆ ಒತ್ತಿದಾಗ ಆ ಗುಟ್ಟು ಎಷ್ಟು ಬೆತ್ತಲೆಯಾಗಿ ಬೀದಿಯಲ್ಲಿ ನಿಲ್ಲುತ್ತದೆ ಎಂಬುದು ಗುಟ್ಟ ಬಸ್ತಿಯನ್ನು ನೋಡಿದವರಿಗೆ ಗೊತ್ತು. ಹತ್ತು ಓಟು ಬಿದ್ದಿದ್ದರೆ ಯಾರೂ ಹುಡುಕುತ್ತಿರಲಿಲ್ಲ. ಒಂದೇ ಇದ್ದದ್ದಕ್ಕೆ ಬೇಟೆ ಶುರುವಾಯಿತು.

ಬಂಡೆಮ್ಮನವರಿಗೆ ಆದ ಆಘಾತವೇ ಬೇರೆ. “ನಾ ಅವತ್ತ ರೊಟ್ಟಿ ಬಡಿಯಾಕತ್ತಿದ್ದೆ. ಬಾಜೂ ಮನಿ ರೇಣುಕಾ ಓಡಿ ಬಂದು, ಯಕ್ಕಾ, ಬಕೀಟಿಗೆ ಒಂದ್ ಬಿದ್ದೈತಂತ ಅಂದ್ಲು. ಹಂಚಿನ ಮ್ಯಾಲಿನ ರೊಟ್ಟಿ ಸುಟ್ಟು ಕರ್ರಗಾತು, ನಂಗ ಖಬರs ಇಲ್ಲ. ನಮ್ಮೊಳಗ ಒಬ್ರು ಹಾಕ್ಯಾರ! ನನ್ನ ಕೈಲಿ ಆಗಲಾರದ್ದು ಯಾರೋ ಮಾಡ್ಯಾರ! ಹೆದರಿಕಿ ಆತು, ನಾಚಿಕಿ ಆತು. ನಾಚಿಕಿನs ಹೆಚ್ಚಾತ್ರಿ.”

ಮುಂದಿನ ಭಾನುವಾರ ಬೆಳಿಗ್ಗೆ ಗುಡಿಯ ಮುಂದೆ ಇಡೀ ಬಸ್ತಿಯನ್ನು ಕರೆಸಿದರು. ಓಟಿನ ಹಕ್ಕಿರುವವರೆಲ್ಲ ಸಾಲಾಗಿ ಬರಬೇಕು, ಬೂದೆಪ್ಪ ಹಿಡಿದ ತಾಟಿನ ಭಂಡಾರ ಮುಟ್ಟಿ ‘ಆ ಓಟು ನಂದಲ್ಲ’ ಎನ್ನಬೇಕು. ಸುಳ್ಳು ಹೇಳುವ ಧೈರ್ಯ ಯಾರಿಗೂ ಬರುವುದಿಲ್ಲ. ಕೈ ಹಿಂದೆಗೆದವರೇ ಕಳ್ಳರು. ಉಪಾಯ ಗಟ್ಟಿಯಾಗಿಯೇ ಇತ್ತು. ಸಾಲಿನಲ್ಲಿ ಬಂಡೆಮ್ಮ ಹನ್ನೊಂದನೆಯವರು. ಹತ್ತು ಜನ ಮುಟ್ಟಿ ಹೇಳಿ ಪಕ್ಕಕ್ಕೆ ಸರಿದರು.

ಅವರ ಸರದಿ ಬಂತು. ಹೇಳಬೇಕಾದ್ದು ಮೂರು ಮಾತು, ಅದೂ ಅಪ್ಪಟ ನಿಜ. ಹೇಳಿ ಮನೆಗೆ ಹೋಗಿ ಮಿಕ್ಕ ಕೆಲಸ ನೋಡಬಹುದಿತ್ತು. ಬಂಡೆಮ್ಮ ಹಿಂದಿರುಗಿ ಸಾಲು ನೋಡಿದರು. ದಿನವೂ ಬೆಳಿಗ್ಗೆ ನೋಡುವ ಅದೇ ಸಾಲು. ಯಾರದೋ ಕಾಲು ನೆಲ ಕೆರೆಯುತ್ತಿತ್ತು, ಯಾರೋ ಸೆರಗಿನ ತುದಿ ಹಲ್ಲಲ್ಲಿ ಕಚ್ಚಿದ್ದರು. ಈ ಸಾಲು ಹೀಗೇ ಮುಂದುವರಿದರೆ ಎಲ್ಲೋ ಒಂದು ಕಡೆ ಒಂದು ಕೈ ಹಿಂದೆ ಸರಿಯುತ್ತದೆ ಎಂದು ಅವರಿಗೆ ಹೊಳೆಯಿತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

“ನಾ ಮುಟ್ಟಂಗಿಲ್ಲ” ಎಂದರು.

ಸಾಯಿಕುಮಾರನ ಬಾಯಿ ತೆರೆದೇ ಇತ್ತು. “ನೀನಾ ದೊಡ್ಡವ್ವ?” ಎಂದ. “ನಿನ್ನ ಒಂದ್ ಓಟಿನ ಸಲುವಾಗಿ ಇಡೀ ಬಸ್ತಿಗೆ ನಳ ಹೋತು, ಗೊತ್ತೈತೇನು? ನೂರಕ್ಕ ನೂರು ಬೀಳಬೇಕಿತ್ತು!”

ಆಗ ಬಂಡೆಮ್ಮ ಕೇಳಿದ ಪ್ರಶ್ನೆಯನ್ನು ಬಸ್ತಿ ಇಂದಿಗೂ ಮರೆತಿಲ್ಲ. “ಹೋದ ಸಲ ನೂರಕ್ಕ ನೂರು ಬಿದ್ದಿತ್ತಲ್ಲೋ ಸಾಯಿ. ಅದರ ಹಿಂದಿನ ಸಲಾನೂ ಬಿದ್ದಿತ್ತು. ಆಗ ಯಾಕ ನಳ ಬರಲಿಲ್ಲ?”

ಬೂದೆಪ್ಪ ತಾಟಿನ ಮೇಲೆ ವಸ್ತ್ರ ಮುಚ್ಚಿ, “ಸಾಕು, ಗೊತ್ತಾತಲ್ಲ, ಏಳ್ರಿ ಎಲ್ಲಾರೂ” ಎಂದು ಗುಡಿಯೊಳಗೆ ಹೋದ. ಹನ್ನೆರಡನೆಯವರಿಂದ ಕೊನೆಯವರವರೆಗೆ ಯಾರೂ ಆಣೆ ಮಾಡುವ ಪ್ರಸಂಗ ಬರಲಿಲ್ಲ. ಸೋಮವಾರ ಬೆಳಿಗ್ಗೆ ಟ್ಯಾಂಕರ್ ಹಾರ್ನ್ ಹೊಡೆದಾಗ ಪೈಪು ಹಿಡಿಯಲು ಸಾಯಿಕುಮಾರನ ಭಾವಮೈದುನ ಚನ್ನು ನಿಂತಿದ್ದ. ಬಂಡೆಮ್ಮನವರ ಕೈಗೆ ಅವರ ಐದು ಕೊಡ ಕೊಟ್ಟು ಸಾಲಿಗೆ ಹೋಗೆಂದರು. ಹದಿನಾಲ್ಕು ವರ್ಷದ ಕೆಲಸ ಮುಗಿಯಲು ಒಂದು ಬೀಡಿ ಸೇದುವಷ್ಟು ಹೊತ್ತೂ ಬೇಕಾಗಲಿಲ್ಲ.

“ಅವತ್ತ ಅತ್ತೀನ್ರಿ” ಎಂದು ಒಪ್ಪಿಕೊಳ್ಳುತ್ತಾರೆ. “ಗಂಡ ಸತ್ತಾಗ ಮಂದಿ ಇದ್ರು, ಕೆಲಸ ಇತ್ತು, ಅಳಾಕ ಪುರಸೊತ್ತ ಸಿಗಲಿಲ್ಲ. ಪೈಪ್ ಹೋದಾಗ ಕಂಕುಳ ಖಾಲಿ ಖಾಲಿ ಅನಿಸ್ತು. ನಾಕ ಗಂಟೆಕ್ಕs ಎಚ್ಚರ ಆಗೋದು, ಎದ್ದು ಏನ್ ಮಾಡ್ಲಿ? ಸುಮ್ನ ಕೂತು ಬೆಳಕ ಹರಿಯೋದು ನೋಡತಿದ್ದೆ.”

ಚನ್ನುವಿನ ಕೈಯಲ್ಲಿ ಪೈಪು ಕುಣಿಯಿತು. ಬೇಕಾದವರಿಗೆ ಎಂಟು ಕೊಡ, ಬೇಡವಾದವರಿಗೆ ಮೂರು. ಮಡಚಿ ಹಿಡಿಯಲು ಬರದೆ ಅರ್ಧ ನೀರು ಮಣ್ಣಿಗೆ. ಇಪ್ಪತ್ತು ಇಪ್ಪತ್ತೆರಡು ಮನೆಗಳಿಗೆ ದಿನವೂ ನೀರೇ ಇಲ್ಲ. ಹದಿನೆಂಟು ದಿನ ಹೀಗೆ ನಡೆಯಿತು. ಹತ್ತೊಂಬತ್ತನೆಯ ಬೆಳಿಗ್ಗೆ ಟ್ಯಾಂಕರ್ ಬಂದಾಗ ಕೊಡಗಳೇನೋ ಸಾಲಾಗಿಯೇ ಇದ್ದವು, ಆದರೆ ಪ್ರತಿಯೊಂದೂ ಬೋರಲು. ಹೆಂಗಸರೆಲ್ಲ ತಮ್ಮ ತಮ್ಮ ಹೊಸ್ತಿಲಲ್ಲಿ ಕೂತಿದ್ದರು. ಯಾರೂ ಘೋಷಣೆ ಕೂಗಲಿಲ್ಲ. ಡ್ರೈವರ್, “ಕ್ಯಾ ಹುವಾ ಅಮ್ಮಾ, ಪಾನೀ ನಕ್ಕೋ ಕ್ಯಾ?” ಎಂದು, ನೀರು ಬೇಡವೇನೆಂದು ಕೇಳಿ ಕೇಳಿ ಬೇಸತ್ತು ತುಂಬಿದ ಟ್ಯಾಂಕರ್ ತಿರುಗಿಸಿಕೊಂಡು ಹೋದ. ಮರುದಿನವೂ ಅದೇ. ಹಳದಿ ಬೋರ್ ನೀರನ್ನೇ ಬಟ್ಟೆಯಲ್ಲಿ ಸೋಸಿ ಕುಡಿದು ಎರಡು ದಿನ ಕಳೆದರು.

ಮೂರನೆಯ ದಿನ ಸಾಯಿಕುಮಾರನೇ ಪೈಪು ತಂದು ಬಂಡೆಮ್ಮನವರ ಹೊಸ್ತಿಲಲ್ಲಿ ಇಟ್ಟ. ಅವನ ಹೆಂಡತಿಯ ಐದು ಕೊಡಗಳೂ ಬೋರಲು ಬಿದ್ದಿದ್ದವು ಎಂಬುದು ಬಸ್ತಿಗೆಲ್ಲ ಗೊತ್ತಿರುವ ವಿಷಯ. ಆದರೆ ಬಾಯಿಗೆ ಬೀಗ ಹಾಕುವ ಷರತ್ತೊಂದನ್ನು ಅವನು ಪೈಪಿನ ಜೊತೆಗೇ ತಂದಿದ್ದ. “ಮುಂದಿನ ಸಲ ಬಕೀಟಿಗೆ ಸೊನ್ನಿ ಬರಬೇಕು ದೊಡ್ಡವ್ವ. ಒಂದ್ ಬಿದ್ರೂ ಪೈಪ್ ವಾಪಸ್. ಆಗ ಎಷ್ಟ್ ಕೊಡ ಬೋರಲ ಇಟ್ರೂ ನಾ ಕೇಳಂಗಿಲ್ಲ. ಟ್ಯಾಂಕರs ಬಂದ್ ಮಾಡಸ್ತೀನಿ.” ಬಂಡೆಮ್ಮ ಮಾತು ಕೊಡದೆಯೇ ಪೈಪು ಎತ್ತಿಕೊಂಡು ಹೋಗಿ ಮೊದಲ ಕೊಡ ನೆಟ್ಟಗೆ ಮಾಡಿದರು.

ಇಷ್ಟಕ್ಕೇ ಮುಗಿದಿದ್ದರೆ ಇದು ಪೈಪು ಕಳೆದುಕೊಂಡು ಪಡೆದುಕೊಂಡ ಒಬ್ಬ ಹೆಣ್ಣುಮಗಳ ಕತೆ ಅಷ್ಟೇ. ಆದರೆ ಆ ಇಪ್ಪತ್ತು ದಿನಗಳಲ್ಲಿ ಇನ್ನೊಂದು ನಡೆಯುತ್ತಿತ್ತು. ಅದನ್ನು ಹೇಳುವಾಗ ಬಂಡೆಮ್ಮ ಇಂದಿಗೂ ಹಣೆ ಮುಟ್ಟಿಕೊಳ್ಳುತ್ತಾರೆ.

ಪೈಪು ಹೋದ ಮೂರನೆಯ ದಿನ ಸಂಜೆ ರೇಣುಕಾ ಬಂದಳು. ಒಲೆಯ ಪಕ್ಕ ಕೂತು, ಹೊರಗೆ ಯಾರಿಲ್ಲವೆಂದು ನೋಡಿ, ಪಿಸುಗುಟ್ಟಿದಳು. “ಯಕ್ಕಾ, ಆ ಓಟು ನಂದು. ನನ್ನ ಸಲುವಾಗಿ ನಿನ್ನ ಪೈಪ್ ಹೋತು.” ಬಂಡೆಮ್ಮ ಅವಳ ತಲೆ ನೇವರಿಸಿ ಕಳಿಸಿದರು. ಸಿಕ್ಕಿತಲ್ಲ, ಯಾರೆಂದು ತಿಳಿಯಿತಲ್ಲ, ಇನ್ನು ಈ ಗುಟ್ಟು ತನ್ನ ಜೊತೆಗೇ ಹೋಗಲಿ ಎಂದುಕೊಂಡರು. ಎರಡು ದಿನ ಬಿಟ್ಟು ಓಣಿಯ ಕೊನೆಯ ಮನೆಯ ಕೃಷ್ಣಾಬಾಯಿ ಬಂದರು. ಅರವತ್ತರ ಮುದುಕಿ, ಕಣ್ಣೀರು ಒರೆಸಿಕೊಳ್ಳುತ್ತಾ, “ಬಂಡೀ, ಆ ಪಾಪ ಮಾಡಿದಾಕಿ ನಾನವ್ವಾ” ಎಂದರು. ಓಟು ಬಿದ್ದದ್ದು ಒಂದು. ಅದರ ಒಡತಿಯರು ಆಗಲೇ ಇಬ್ಬರು!

ಆಮೇಲೆ ಗಾರೆ ಕೆಲಸದ ಬಸು ಬಂದ. ಅವನ ಹಿಂದೆಯೇ, ಅವನಿಗೆ ಗೊತ್ತಿಲ್ಲದಂತೆ, ಅವನ ಹೆಂಡತಿ. ಮತ್ತಿಬ್ಬರು ಹೆಂಗಸರು, ಒಬ್ಬಾಕೆ ಬಸ್ ಸ್ಟಾಪಿನಲ್ಲಿ, ಇನ್ನೊಬ್ಬಾಕೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಎಲ್ಲರದೂ ಅದೇ ಪಿಸುಮಾತು, ಆ ಓಟು ನಂದು. ಬಂಡೆಮ್ಮ ಯಾರಿಗೂ ನೀನು ಎರಡನೆಯವಳು, ನೀನು ಮೂರನೆಯವನು ಎಂದು ಹೇಳಲಿಲ್ಲ. ಎಲ್ಲರಿಗೂ ಒಂದೇ ಉತ್ತರ: “ಹೂಂ, ಗೊತ್ತಾತು. ಯಾರ ಮುಂದೂ ಅನಬ್ಯಾಡ.”

ಪೈಪು ಹೊಸ್ತಿಲಿಗೆ ಬರುವ ಹಿಂದಿನ ದಿನ ಏಳನೆಯವನು ಬಂದ. ಬೂದೆಪ್ಪ.

ಎಲ್ಲರ ಅಂಗೈಗೂ ಅರಿಶಿನ ಹಚ್ಚಿದವನು. ತಾಟು ಹಿಡಿದು ಆಣೆ ಹಾಕಿಸಿದವನು. ಎಪ್ಪತ್ತು ದಾಟಿದ ಆ ಮುದುಕ ಬಾಗಿಲಲ್ಲಿ ನಿಂತು ಒಳಗೆ ಬರಲೊಲ್ಲದೆ, “ತಂಗೀ, ತಾಟು ಹಿಡಿದಾಂವಗ ಮುಟ್ಟು ಅಂತ ಯಾರೂ ಅನಲಿಲ್ಲ ನೋಡು. ನಾ ಬರೇ ಹಿಡ್ಕೊಂಡಿದ್ದೆ, ಅಷ್ಟs” ಎಂದಷ್ಟೇ ಹೇಳಿ ಕೋಲು ಊರಿಕೊಂಡು ಹೊರಟುಹೋದ. ನಿಜವಲ್ಲವೇ? ಎರಡೂ ಸಲ ಬಸ್ತಿಯೆಲ್ಲ ಅವನ ಕೈಯಲ್ಲಿನ ಭಂಡಾರ ನೋಡಿತ್ತು. ಅವನೇ ಆಣೆ ಮಾಡಿದ್ದನ್ನು ಯಾರೂ ನೋಡಿರಲಿಲ್ಲ. ಬಂಡೆಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು, ಒಲೆಯ ಮೇಲಿನ ಬೇಳೆ ಉಕ್ಕಿ ಬೆಂಕಿ ಆರುವ ತನಕ.

ಯಾರು ನಿಜವಾಗಿ ಹಾಕಿದ್ದು? ಬೂದೆಪ್ಪನೇ? ಅಥವಾ ಮೊದಲೇ ಬಂದ ರೇಣುಕಾಳೇ? “ನಾ ಕೇಳಿಲ್ರಿ, ಕೇಳಂಗೂ ಇಲ್ಲ” ಎನ್ನುತ್ತಾರೆ ಬಂಡೆಮ್ಮ. “ನಾ ಮುಟ್ಟಂಗಿಲ್ಲ ಅಂದಿದ್ದೆ, ನಂದು ಅಂದಿರಲಿಲ್ಲ, ಅದು ಅವರಿಗೆ ತಿಳದಿತ್ತು. ಏಳು ಮಂದ್ಯಾಗ ಆರು ಮಂದಿ ಸುಳ್ಳ ಹೇಳ್ಯಾರ, ಅಷ್ಟ ಖರೆ. ಏಳೂ ಮಂದಿ ಸುಳ್ಳ ಹೇಳಿರಬಹುದು. ನನ್ನ ಸಮಾಧಾನಕ್ಕ ಹೇಳ್ಯಾರೋ, ನನ್ನಂಗs ಬೆರಳ ಸರಿಸಿ ಬಂದು ಆಮ್ಯಾಲ ನಾಚ್ಕೊಂಡಾರೋ, ಆ ಮೈಲಾರಪ್ಪಗs ಗೊತ್ತು. ಆದ್ರ ನನ್ನ ಜನ್ಮದಾಗ ಇಷ್ಟ ಚಂದನ ಸುಳ್ಳ ನಾ ಕೇಳಿಲ್ರಿ.”

ನರಹರಿಯವರಿಗೂ ಸುದ್ದಿ ಮುಟ್ಟಿತ್ತು. ಇಡೀ ಕ್ಷೇತ್ರದಲ್ಲಿ ಮುನ್ನೂರ ಹನ್ನೊಂದು ಓಟು ಪಡೆದು ಠೇವಣಿ ಕಳೆದುಕೊಂಡ ಅವರು ಸ್ಕೂಟರಿನಲ್ಲಿ ಬಸ್ತಿಗೆ ಬಂದು, “ಇಲ್ಲಿ ನನಗೆ ಒಬ್ರು ವೋಟ್ ಹಾಕಿದಾರಂತೆ, ಯಾರು ಅಂತ ಗೊತ್ತಾದ್ರೆ ಒಂದು ನಮಸ್ಕಾರ ಹೇಳಿ ಹೋಗೋಣ ಅಂತ” ಎಂದರು. ಬಂಡೆಮ್ಮ ಪೈಪು ಹಿಡಿದೇ ಗದರಿದರು. “ನೀವೂ ಹುಡುಕಾಕ ಬಂದ್ರೇನ್ರಿ ಸಾಹೇಬ್ರ? ನಮಸ್ಕಾರ ಮಾಡೂದಿದ್ರ ಎಲ್ಲಾರಿಗೂ ಮಾಡಿ ಹೋಗ್ರಿ.” ಪಾಪ, ಆ ಮನುಷ್ಯ ಚಪ್ಪಲಿ ಬಿಟ್ಟು ನೀರಿನ ಸಾಲಿಗೆಲ್ಲ ಕೈಮುಗಿದರು. ಮುಂದಿನ ಸಲವೂ ನಿಲ್ಲುವುದಾಗಿ ಹೇಳಿ ಹೋಗಿದ್ದಾರೆ.

ಒಂದೇ ಪಕ್ಷ ಗೆಲ್ಲುವಲ್ಲಿ ಓಟು ಹಾಕಿ ಏನು ಪ್ರಯೋಜನ ಎಂದು ಕೇಳುವವರು ಪಟ್ಟಣಗಳಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ರಜೆ ಸಿಕ್ಕಿತೆಂದು ಮನೆಯಲ್ಲಿ ಮಲಗುವವರೂ ಅವರೇ. ಅವರನ್ನು ಒಮ್ಮೆ ಗುಟ್ಟ ಬಸ್ತಿಗೆ ಕರೆತಂದು ಈ ಸಾಲಿನಲ್ಲಿ ನಿಲ್ಲಿಸಬೇಕು ಅನ್ನಿಸುತ್ತದೆ. ಬೆಲೆಯಿಲ್ಲದ ವಸ್ತುವನ್ನು ಕಾಯಲು ಯಾರಾದರೂ ದೇವರ ಭಂಡಾರ ತರುತ್ತಾರೆಯೇ? ಬೆಲೆಯಿಲ್ಲದ ಒಂದು ಓಟಿಗಾಗಿ ಯಾರಾದರೂ ಊರು ಸೋಸುತ್ತಾರೆಯೇ?

ಇದನ್ನೆಲ್ಲ ಪತ್ರಿಕೆಯಲ್ಲಿ ಬರೆದರೆ, ಆ ಓಟು ಬಂಡೆಮ್ಮನದಲ್ಲ ಎಂದು ತಿಳಿದು ಮತ್ತೆ ಬೇಟೆ ಶುರುವಾಗುವುದಿಲ್ಲವೇ? ಕೇಳಿದರೆ ಅವರು ಕೊಡ ತುಂಬುತ್ತಲೇ ಉತ್ತರಿಸುತ್ತಾರೆ. “ಬರೀರಿ, ಧಾರಾಳ ಬರೀರಿ. ಸಾಯೀಗೆ ತೆಲುಗು ಬಿಟ್ರ ಓದಾಕ ಬರಂಗಿಲ್ಲ. ಯಾರಾರ ಓದಿ ಹೇಳಿದ್ರ ಇನ್ನೂ ಚಲೋ. ಹುಡುಕಾಕ ಬರ್ಲಿ. ಈ ಸಲ ನಂದು ನಂದು ಅಂತ ಏಳು ಮಂದಿ ಎದ್ದ ನಿಲ್ತಾರ. ಯಾರ್ನ ಹಿಡೀತಾನ?”

ಏಳರ ಟ್ಯಾಂಕರಿನ ನೀರು ತೆಳುವಾಗುತ್ತಿದೆ. ಸಾಲಿನ ಕೊನೆಯಲ್ಲಿ ಬಂಡೆಮ್ಮನವರ ಐದು ಕೊಡಗಳು, ಕುತ್ತಿಗೆಯಲ್ಲಿ ಮೌನಪ್ಪನ ಹಳೇ ಲುಂಗಿಯ ಚೂರು. ಬಸ್ಸಿಗೆ ಇನ್ನರ್ಧ ಗಂಟೆ. ಮುಂದಿನ ಓಟಿನಲ್ಲಿ ಏನಾಗಬೇಕೆಂದು ಆಸೆ ಎಂಬ ಪ್ರಶ್ನೆಗೆ ಅವರು ಪೈಪಿನ ತುದಿ ಮಡಚಿ ನೀರು ನಿಲ್ಲಿಸಿ, ಬಿಳಿಚಿದ ಬೆರಳುಗಳನ್ನು ಒಂದೊಂದಾಗಿ ಮಡಚುತ್ತಾರೆ.

“ಗೆಲ್ಲೂದು ದೊಡ್ಡ ಪಾರ್ಟೀನೇ, ಅದೇನ್ ತಪ್ಪಂಗಿಲ್ಲ ಬಿಡ್ರಿ. ನನ್ನ ಆಸೆ ಅಷ್ಟ ದೊಡ್ಡದಲ್ಲ. ಆ ಏಳು ಮಂದಿ ನನ್ನ ಮುಂದ ಹೇಳಿದ ಸುಳ್ಳ ಖರೆ ಮಾಡಿದ್ರ ಸಾಕು, ಏಳಾಗ್ತಾವ. ಈ ಸಲ ನನ್ನ ಬೆರಳು ಸರಿಯಂಗಿಲ್ಲ, ನಂದೊಂದ್ ಸೇರ್ಸಿ ಎಂಟು.”

ಹಾಗಾದರೆ ಪೈಪು ಹೋಗುತ್ತದಲ್ಲ?

“ಹೋಗ್ಲಿ” ಎಂದು ಬಂಡೆಮ್ಮ ಬಾಗಿ ತಮ್ಮ ಮೊದಲ ಕೊಡಕ್ಕೆ ನೀರು ಬಿಡುತ್ತಾರೆ. “ಒಂದ್ ಇತ್ತಂತ ಒಬ್ಬಾಕಿ ಕೈಯಾಗಿಂದ ಕಸಗೊಂಡ್ರು. ಎಂಟ ಬಿದ್ರ ಯಾರ ಕೈಯಾಗಿಂದ ಕಸಗೊಂತಾರ?”